ಬಿಟ್ಟಿದ್ದಾರೋ, ಬಿಟ್ಟೋಗಿದೆಯೋ

ನಮ್ಮಪ್ಪನ ಡಿಸ್ಚಾರ್ಜ್ ಸಮರಿಯ, ಅಂದ್ರೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡೋ ವರದಿಯ, ಮೊದಲನೇ ಪೇಜಲ್ಲಿ ಹೆಸರು, ವಯಸ್ಸು, ಐಪಿ ನಂಬರ್ ಎಲ್ಲಾ ಆದ್ಮೇಲೆ ‘ರೆಫರ್ಡ್ ಬೈ’ ಅಂತ ಒಂದು ಕಾಲಂ ಇದೆ. ಅದರ ಮುಂದೆ ‘ಸೆಲ್ಫ್’ ಅಂತ ಪ್ರಿಂಟಾಗಿದೆ. ಅಂದ್ರೆ ಈ ಮನುಷ್ಯನನ್ನ ಯಾರೂ ಕಳಿಸ್ಲಿಲ್ಲ, ತಾನಾಗೇ ಬಂದ, ಈಗ ತಾನಾಗೇ ಹೋಗ್ತಾನೆ. ಆಸ್ಪತ್ರೆ ಕಂಪ್ಯೂಟರಿಗೆ ಅಷ್ಟೇ ಗೊತ್ತಿದ್ದಿದ್ದು. ತಿಪಟೂರಲ್ಲಿ ಒಬ್ಬರು ಡಾಕ್ಟ್ರು ಇದಾರೆ, ಮೂವತ್ತು ವರ್ಷದಿಂದ ಅಪ್ಪನ ಬಿಪಿ ನೋಡ್ತಿರೋರು, ನಮ್ಮಜ್ಜಿ ಹೋಗುವಾಗ ರಾತ್ರಿ ಎರಡು ಗಂಟೆಗೆ ಸ್ಕೂಟರಲ್ಲಿ ಬಂದು ಕೂತಿದ್ದೋರು, ನಂಗೆ ಟೈಫಾಯ್ಡ್ ಆದಾಗ ಇಂಜೆಕ್ಷನ್ ಕೊಟ್ಟೋರು, ಅವರ ಹೆಸರು ಆ ಏಳು ಪೇಜಲ್ಲಿ ಎಲ್ಲೂ ಇಲ್ಲ. ಆಸ್ಪತ್ರೆಯವರನ್ನೇ ಬೈಯ್ಯೋ ಹಾಗೂ ಇಲ್ಲ. ಅಡ್ಮಿಷನ್ ಕೌಂಟರಲ್ಲಿ ಫಾರ್ಮ್ ತುಂಬಿದ್ದು ನಾನೇ.

ಅಪ್ಪ ರಿಟೈರ್ಡ್ ಹೈಸ್ಕೂಲ್ ಗಣಿತದ ಮೇಷ್ಟ್ರು, 76 ವಯಸ್ಸು. ಬಿಪಿ, ಶುಗರ್ ಎರಡೂ ಇದೆ, ಎಡಗಿವಿ ಸ್ವಲ್ಪ ಮಂದ. ಹೋದ ವರ್ಷ ಯುಗಾದಿ ಹೊತ್ತಿಗೇ ಡಾಕ್ಟ್ರು ಹೇಳಿದ್ರಂತೆ, ಮೇಷ್ಟ್ರೇ ಮೆಟ್ಟಿಲು ಹತ್ತುವಾಗ ಎದೆ ಹಿಡ್ದಂಗಾಗುತ್ತೆ ಅಂತೀರ, ತುಮಕೂರಿಗೋ ಬೆಂಗಳೂರಿಗೋ ಹೋಗಿ ಒಂದು ಎಕೋ, ಟಿಎಂಟಿ, ಹಾರ್ಟಿನ ಪರೀಕ್ಷೆ ಮಾಡ್ಸಿ ಅಂತ. ಅಪ್ಪ ಹೂಂ ಅಂದು ಬಂದು ನಮ್ಮ ಯಾರಿಗೂ ಹೇಳ್ಲಿಲ್ಲ. ಶ್ರಾವಣದಲ್ಲಿ ತಮ್ಮನ ಮಗಳ ನಾಮಕರಣಕ್ಕೆ ಅಂತ ಬೆಂಗಳೂರಿಗೆ ಬಂದೋರು, ಊಟ ಆಗಿ ಎಲೆ ತೆಗೆಯೋ ಹೊತ್ತಿಗೆ ಬೆವರೋಕೆ ಶುರುವಾಯ್ತು, ಗ್ಯಾಸ್ ಅಂದ್ರು, ಜೀರಿಗೆ ಕಷಾಯ ಅಂದ್ರು, ನನ್ನ ಗಂಡ ಮಾತ್ರ ಪುಣ್ಯಾತ್ಮ ಯಾರ ಮಾತೂ ಕೇಳದೆ ಕಾರಿಗೆ ಹಾಕ್ಕೊಂಡು ಹೋದ. ಹಾರ್ಟಿನ ಕಟ್ಟಿದ ರಕ್ತನಾಳ ತೆರೆದಿಡೋಕೆ ಒಂದು ಸ್ಟೆಂಟ್, ಆಸ್ಪತ್ರೇಲಿ ನಾಲ್ಕು ರಾತ್ರಿ. ಟ್ರೀಟ್‌ಮೆಂಟ್ ವಿಷಯದಲ್ಲಿ ನಂದೇನೂ ತಕರಾರಿಲ್ಲ, ಜೀವ ಉಳಿಸಿದ್ರು. ನಾನು ಹೇಳೋಕೆ ಹೊರಟಿರೋದು ಅದಾದ ಮೇಲಿನ ಹತ್ತು ದಿನದ ಕಥೆ.

ಡಿಸ್ಚಾರ್ಜ್ ಆದ ದಿನ ಹೆಂಗಿತ್ತು ಅಂದ್ರೆ, ಬೆಳಿಗ್ಗೆ ಒಂಬತ್ತಕ್ಕೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟ್ರು ‘ಅಂಕಲ್ ಇವತ್ತು ಮನೆಗೆ’ ಅಂದ್ರು, ಅಷ್ಟೇ, ಆಮೇಲೆ ಇನ್ಶೂರೆನ್ಸ್ ಅಪ್ರೂವಲ್ಲಿಗೆ ಕಾಯ್ತಾ ಸಂಜೆ ಐದೂವರೆ. ಅಪ್ಪ ಬೆಳಿಗ್ಗೆನೇ ಶರ್ಟು ಹಾಕ್ಕೊಂಡು ಮಂಚದ ಮೇಲೆ ಬಸ್ಸಿಗೆ ಕಾಯೋರ ಥರ ಕೂತಿದ್ರು. ಅಪ್ರೂವಲ್ ಬಂತು ನೋಡಿ, ಎಲ್ಲಾ ಒಂದೇ ಸಲ. ಬಿಲ್ಲಿಂಗಿಗೆ ಹೋಗಿ, ಫಾರ್ಮಸಿಗೆ ಹೋಗಿ, ರೂಮ್ ಖಾಲಿ ಮಾಡಿ, ವೀಲ್‌ಚೇರ್ ಬಂತು, ಕಾರ್ ಎಲ್ಲಿ. ಈ ಗಲಾಟೆ ನಡುವೆ ಒಬ್ಬ ಸಿಸ್ಟರ್ ಬಂದು ಮಾತ್ರೆ ಚೀಲ ಮಂಚದ ಮೇಲೆ ಸುರಿದು ವಿವರಿಸಿದ್ಲು. ಪಾಪ ಬೇರೆ ರಾಜ್ಯದ ಹುಡುಗಿ, ಕನ್ನಡ ಈಗಷ್ಟೇ ಕಲೀತಿದ್ಲು, ‘ಅಜ್ಜಾ ಇದು ಬೆಳಿಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮುಂಚೆ’ ಅಂತ ನಾಲ್ಕೇ ನಿಮಿಷದಲ್ಲಿ ಒಂಬತ್ತು ಮಾತ್ರೆ. ಅವಳು ನಿಂತಿದ್ದಿದ್ದು ಅಪ್ಪನ ಎಡಗಡೆ. ಅಪ್ಪ ಪ್ರತಿಯೊಂದಕ್ಕೂ ಹೂಂ ಹೂಂ ಅಂದ್ರು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ, ಹೂಂ ಅನ್ನೋ ಹುಡುಗರಿಗೆ ಏನೂ ಅರ್ಥ ಆಗಿರಲ್ಲ ಅಂತ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ನಾನೇನ್ಮಾಡ್ದೆ? ಏಳೂ ಪೇಜ್ ಫೋಟೋ ತೆಗ್ದು ಫ್ಯಾಮಿಲಿ ಗ್ರೂಪಿಗೆ ಹಾಕ್ದೆ. ಅಮೆರಿಕದಲ್ಲಿರೋ ಭಾವ ನೋಡಿದ್ರು, ಅವರ ಫ್ರೆಂಡ್ ಒಬ್ಬ ಡಾಕ್ಟ್ರಿಗೆ ಕಳಿಸಿದ್ರು, ಅವರು ಥಂಬ್ಸಪ್ ಹಾಕಿದ್ರು. ಸಾವಿರಾರು ಕಿಲೋಮೀಟರ್ ದೂರದವರಿಗೆ ಕಳಿಸಿದೆ, ತಿಪಟೂರಿನ ನಮ್ಮ ಮನೆಯಿಂದ ಒಂದು ಫರ್ಲಾಂಗ್ ದೂರದಲ್ಲಿರೋ ಡಾಕ್ಟ್ರಿಗೆ ಕಳಿಸಬೇಕು ಅಂತ ತಲೆಗೇ ಹೊಳೀಲಿಲ್ಲ. ಅವರ ಮೊಬೈಲ್ ನಂಬರ್ ನನ್ನ ಹತ್ರ ಇತ್ತಾ ಅಂತ ಕೇಳ್ಬೇಡಿ, ಇತ್ತು.

ಎರಡು ದಿನ ನಮ್ಮನೇಲಿಟ್ಕೊಂಡು ಊರಿಗೆ ಬಿಟ್ಟು ಬಂದ್ವಿ. ಅಲ್ಲಿ ಅಮ್ಮನ ಹತ್ರ ಹಳೇ ಡಬ್ಬ ಇತ್ತು, ಹಾರ್ಲಿಕ್ಸ್ ಡಬ್ಬ, ಅದರಲ್ಲಿ ಊರಿನ ಡಾಕ್ಟ್ರು ಕೊಟ್ಟ ಮಾತ್ರೆ. ಆಸ್ಪತ್ರೆ ಮಾತ್ರೆಗೆ ಅಂತ ಹೊಸ ಸ್ಟೀಲ್ ಡಬ್ಬ. ಅಮ್ಮ ಎರಡರಿಂದಲೂ ಕೊಡೋಳು. ಯಾಕೆ ಅಂದ್ರೆ, ಹಳೇದನ್ನ ನಿಲ್ಸಿ ಅಂತ ಯಾರೂ ಹೇಳ್ಲಿಲ್ಲವಲ್ಲ, ಇವು ಹಾರ್ಟಿಗೆ ಅವು ಬಿಪಿಗೆ ಅಂದ್ಕೊಂಡೆ ಅಂತಾಳೆ. ತಪ್ಪೇನಿದೆ ಹೇಳಿ? ಅಪ್ಪ ಸಮರಿ ಕೈಯಲ್ಲಿ ಹಿಡ್ಕೊಂಡು, ಮಾತ್ರೆ ಮುಂದೆ ಬಿ ಡಿ ಅಂತ ಬರೆದಿದ್ದನ್ನ ತೋರ್ಸಿ, ‘ನೋಡೇ, ಬಿಡಿ ಅಂತ ಅವರೇ ಬರ್ದಿದಾರೆ, ಬಿಟ್ರೆ ಆಯ್ತು’ ಅಂತ ಜೋಕ್ ಬೇರೆ. ದಿನಕ್ಕೆ ಎರಡು ಸಲ ಅಂತ ಅದರ ಅರ್ಥ ಅಂತ ಅವರಿಗೆ ಗೊತ್ತು. ಎಲ್ಲರಿಗೂ ಗೊತ್ತಿರುತ್ತಾ?

ಡಿಸ್ಚಾರ್ಜ್ ಆದ ಒಂಬತ್ತನೇ ರಾತ್ರಿ ಮೂರು ಗಂಟೆಗೆ ಬಚ್ಚಲಿಗೆ ಅಂತ ಎದ್ದೋರು ಬಾಗಿಲ ಹತ್ರ ಬಿದ್ರು. ದೇವರ ದಯೆ, ತಲೆಗೆ ಏನೂ ಆಗ್ಲಿಲ್ಲ. ಆದ್ರೆ ರಕ್ತ ತೆಳು ಮಾಡೋ ಮಾತ್ರೆ ಎರಡೆರಡು ಇದ್ವಲ್ಲ, ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಹಂಗಾಗಿ ಬೆಳಗಾಗೋದ್ರೊಳಗೆ ಸೊಂಟದಿಂದ ತೊಡೆವರೆಗೂ ನೇರಳೆಹಣ್ಣಿನ ಬಣ್ಣ. ಅಮ್ಮ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು ‘ಡಾಕ್ಟ್ರಿಗೆ ತೋರ್ಸಿದ್ರಾ?’ ಅಂತ. ಆ ಕಡೆ ಸುಮ್ನೆ. ಆಮೇಲೆ ಮೆಲ್ಲಗೆ, ‘ನಿಮ್ಮಪ್ಪ ಅಲ್ಲಿಗೆ ಹೋಗಲ್ಲ ಅಂತಾರೆ ಕಣೇ.’

ಊರಿಗೆ ಬಂದು ಒಂದು ವಾರ ಆದ್ಮೇಲೂ ಡಾಕ್ಟ್ರ ಕ್ಲಿನಿಕ್ ಕಡೆ ತಲೆ ಹಾಕಿರಲಿಲ್ಲ. ವಾಕಿಂಗಿಗೆ ಬೇರೆ ರಸ್ತೇಲಿ ಹೋಗ್ತಿದ್ರಂತೆ! ಕಾರಣ ಹಣ ಅಲ್ಲ, ನಂಬಿಕೆ ಇಲ್ಲ ಅಂತಲೂ ಅಲ್ಲ, ದಾಕ್ಷಿಣ್ಯ. ಟಿಎಂಟಿ ಮಾಡ್ಸಿ ಅಂದಿದ್ರು, ಮಾಡ್ಸ್ಲಿಲ್ಲ. ಅವರಿಗೆ ಹೇಳದೆ ದೊಡ್ಡಾಸ್ಪತ್ರೇಲಿ ಸ್ಟೆಂಟ್ ಹಾಕಿಸ್ಕೊಂಡು ಬಂದೆ, ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ, ಬೇಜಾರ್ ಮಾಡ್ಕೋತಾರೆ ಅಂತ. ಅಮ್ಮ ಹಿಂದಿಂದ ‘ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ತಾವಿಲ್ಲ’ ಅಂತ ಗೊಣಗಿದ್ದು ಫೋನಲ್ಲೂ ಕೇಳಿಸ್ತು. ಪೇಷೆಂಟು ಡಾಕ್ಟ್ರ ನಡುವೆ ಮಾತು ಸರಿಯಾಗಿ ನಡೆಯಲ್ಲ ಅಂತ ಎಲ್ಲಾ ಕಡೆ ಬರೀತಾರೆ, ಟೈಮ್ ಇಲ್ಲ, ಭಾಷೆ ಅರ್ಥ ಆಗಲ್ಲ, ಕಿವಿ ಕೇಳಲ್ಲ ಅಂತೆಲ್ಲಾ. ಎಲ್ಲಾ ನಿಜವೇ. ಆದ್ರೆ ನಮ್ಮ ಕಡೆ ಹಿರಿಯರ ಬಾಯಿ ಕಟ್ಟೋದು ಮುಖ್ಯವಾಗಿ ಇದು, ಈ ಸಂಕೋಚ. ದೊಡ್ಡ ಡಾಕ್ಟ್ರ ಮುಂದೆ ಊರಿನ ಡಾಕ್ಟ್ರ ಹೆಸರು ಹೇಳೋಕೆ ಸಂಕೋಚ, ಊರಿನ ಡಾಕ್ಟ್ರ ಮುಂದೆ ದೊಡ್ಡ ಡಾಕ್ಟ್ರ ಫೈಲ್ ಬಿಚ್ಚೋಕೆ ಸಂಕೋಚ, ಎರಡನೇ ಸಂಬಂಧದ ವಿಷಯ ಮುಚ್ಚಿಟ್ಟೋರ ಥರ.

ಬೆಳಿಗ್ಗೆ ಟ್ರೈನಿಗೆ ಹೋದೆ. ಕ್ಲಿನಿಕಲ್ಲಿ ಎಂದಿನಂಗೆ ಬೆಂಚ್ ತುಂಬಾ ಜನ, ಕೊಬ್ಬರಿ ಮಂಡಿ ಹಮಾಲಿಗಳು, ಕೆಮ್ಮೋ ಮಕ್ಕಳು, ಹಿಂದೆ ಕಾಂಪೌಂಡರ್ ಚೀಟಿ ಹರೀತಾ ಕೂತಿದ್ರು. ಡಾಕ್ಟ್ರು ಅಪ್ಪನ್ನ ನೋಡಿದ್ದೇ ಎದ್ದು ಬಂದು ಕೈ ಹಿಡ್ಕೊಂಡು ಬಲಗಡೆ ಕುರ್ಚೀಲಿ ಕೂರ್ಸಿದ್ರು, ಅವರಿಗೆ ಗೊತ್ತಲ್ಲ ಯಾವ ಕಿವಿ ಅಂತ. ‘ಸ್ಟೆಂಟ್ ವಿಷಯ ನಂಗೆ ಹಾಲಿನವನು ಹೇಳ್ದ ಮೇಷ್ಟ್ರೇ’ ಅಂದ್ರು. ಬೇಜಾರಾಗಿತ್ತು, ಆದ್ರೆ ಅಪ್ಪ ಹೆದರಿದ್ದಂಗಲ್ಲ. ‘ನನ್ನ ಪೇಷೆಂಟ್ ಹೋದ್ರೆ ವೈಕುಂಠ ಸಮಾರಾಧನೆ ಕಾರ್ಡ್ ತಪ್ಪದೆ ಬರುತ್ತೆ, ಡಿಸ್ಚಾರ್ಜ್ ಆಗಿ ಬಂದ್ರೆ ಮಾತ್ರ ಒಬ್ಬರೂ ಹೇಳಲ್ಲ.’ ಅಪ್ಪ ನಕ್ಕರು. ಹತ್ತು ದಿನದ ಗಂಟು ಅಲ್ಲಿಗೆ ಬಿಚ್ಚಿಕೊಳ್ತು.

ಬಿಪಿ ನೋಡಿದ್ರು, ಕೂತಾಗ ಒಂದು ಸಲ, ನಿಲ್ಸಿ ಇನ್ನೊಂದು ಸಲ. ನಿಂತಾಗ ಮೇಲಿನ ನಂಬರ್ 96, ಕಮ್ಮಿ. ಶುಗರ್ 286, ಜಾಸ್ತಿ. ನಾನು ಪಟಪಟ ಅಂತ ಎಲ್ಲಾ ಹೇಳೋಕೆ ಶುರು ಮಾಡ್ದೆ, ಅವರು ಕೈ ಎತ್ತಿ ‘ನೀನು ಸ್ವಲ್ಪ ಸುಮ್ನಿರಮ್ಮ, ಮೇಷ್ಟ್ರು ಹೇಳ್ಲಿ’ ಅಂದ್ರು. ನಂಗೆ ಸಿಟ್ಟು ಬಂತು, ನಿಜ ಹೇಳ್ತೀನಿ. ಆದ್ರೆ ಅಪ್ಪ ನಿಧಾನಕ್ಕೆ, ನಡುನಡುವೆ ಸಂಬಂಧವೇ ಇಲ್ಲದ ವಿಷಯ ಸೇರಿಸ್ಕೊಂಡು ಹೇಳ್ತಾ ಹೋದ ಹಾಗೆ, ನಂಗೆ ಗೊತ್ತೇ ಇಲ್ಲದ ಎರಡು ಸಂಗತಿ ಹೊರಗೆ ಬಂತು. ಒಂದು, ಬಿದ್ದಿದ್ದು ಅದೇ ಮೊದಲಲ್ಲ, ನಾಲ್ಕನೇ ದಿನ ದೇವರ ಮನೇಲೂ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡಿದ್ರಂತೆ. ಇನ್ನೊಂದು, ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿಂದ ಡೈಕ್ಲೋಫೆನಾಕ್ ತಂದು ತಾವೇ ನುಂಗ್ತಿದ್ರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಅದು ಸೇರಿದ್ರೆ ಹೊಟ್ಟೇಲಿ ರಕ್ತ ಒಸರಬಹುದು, ಕಿಡ್ನಿಗೂ ಪೆಟ್ಟು.

‘ಡಬ್ಬ ಎಲ್ಲಿ?’ ಅಂದ್ರು. ಎರಡನ್ನೂ ಟೇಬಲ್ ಮೇಲೆ ಸುರಿದ್ವಿ. ಕನ್ನಡಕ ಹಣೆ ಮೇಲೇರಿಸಿ ಒಂದೊಂದೇ ಸ್ಟ್ರಿಪ್ ಕಣ್ಣ ಹತ್ರ ಹಿಡ್ದು ನೋಡ್ತಾ, ಹಾರ್ಲಿಕ್ಸ್ ಡಬ್ಬದ್ದೊಂದು ಸ್ಟೀಲ್ ಡಬ್ಬದ್ದೊಂದು ಪಕ್ಕಪಕ್ಕ ಇಟ್ರು. ಹೆಸರು ಬೇರೆ, ಕಂಪನಿ ಬೇರೆ, ಸ್ಟ್ರಿಪ್ ಬಣ್ಣ ಬೇರೆ. ಒಳಗಿರೋದು ಎರಡರಲ್ಲೂ ಟೆಲ್ಮಿಸಾರ್ಟಾನ್ 40. ಒಂದು ವಾರದಿಂದ ಅಪ್ಪ ಬಿಪಿ ಮಾತ್ರೆ ಡಬಲ್ ತಗೋತಿದ್ರು, ಅದರ ಮೇಲೆ ಹೊಸದಾಗಿ ಮೆಟೋಪ್ರೊಲಾಲ್, ಅದೂ ಬಿಪಿ ಇಳಿಸೋದೇ. ಬೀಳದೆ ಇನ್ನೇನಾಗುತ್ತೆ.

ಆಮೇಲೆ ಅವರು ಸಮರಿ ತಿರುವ್ತಾ ತುಂಬಾ ಹೊತ್ತು ಏನೋ ಹುಡುಕಿದ್ರು. ಮೆಟ್‌ಫಾರ್ಮಿನ್ ಎಲ್ಲಿ? ಎಂಟು ವರ್ಷದಿಂದ ಅಪ್ಪ ತಗೋತಿದ್ದ ಶುಗರ್ ಮಾತ್ರೆ ಆ ಲಿಸ್ಟಲ್ಲಿ ಇಲ್ಲ. ‘ಇವರು ಇದನ್ನ ಬಿಟ್ಟಿದ್ದಾರೋ, ಬಿಟ್ಟೋಗಿದೆಯೋ?’ ಅಂದ್ರು, ನಮಗಲ್ಲ, ಪೇಪರಿಗೆ. ಆ ಪ್ರಶ್ನೆ ನನ್ನ ತಲೇಲಿ ಇನ್ನೂ ಕೂತಿದೆ. ಬೇಕಂತಲೇ ನಿಲ್ಸಿದ್ರೆ ಅದಕ್ಕೊಂದು ಕಾರಣ ಇರುತ್ತೆ, ಮತ್ತೆ ಶುರು ಮಾಡಿದ್ರೆ ತೊಂದ್ರೆ ಆಗ್ಬಹುದು. ಟೈಪ್ ಮಾಡೋವಾಗ ತಪ್ಪಿಹೋಗಿದ್ರೆ ಶುರು ಮಾಡದಿದ್ರೆ ತೊಂದ್ರೆ. ಖಾಲಿ ಜಾಗ ಎರಡಕ್ಕೂ ಒಂದೇ ಥರ ಕಾಣುತ್ತೆ.

ಅಮ್ಮ ಮೂಲೇಲಿ ಕೂತಿದ್ದೋಳು ಆಗ ಬಾಯಿ ಬಿಟ್ಲು, ‘ಅದೇನೋ ಬಣ್ಣದ ಇಂಜೆಕ್ಷನ್ ಕೊಡ್ತೀವಿ, ಶುಗರ್ ಮಾತ್ರೆ ಸದ್ಯಕ್ಕೆ ಬೇಡ ಅಂತ ಒಬ್ಬ ಹುಡುಗ ಡಾಕ್ಟ್ರು ಹೇಳಿದ್ರು, ಅದಕ್ಕೇ ನಾನು ತೆಗ್ದಿಟ್ಟೆ.’ ಡಾಕ್ಟ್ರ ಮುಖ ಅರಳ್ತು. ಹಾರ್ಟಿನ ರಕ್ತನಾಳ ನೋಡೋಕೆ ಮಾಡೋ ಆಂಜಿಯೋಗ್ರಾಂಗೆ ಹಾಕೋ ಡೈ ಕಿಡ್ನಿಗೆ ಸ್ವಲ್ಪ ಭಾರ, ಹಂಗಾಗಿ ಕೆಲವರಿಗೆ ಮೆಟ್‌ಫಾರ್ಮಿನ್ ಆ ಹೊತ್ತಿಗೆ ನಿಲ್ಸಿ, 48 ಗಂಟೆ ಆದ್ಮೇಲೆ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೆಂಗಿದೆ ಅಂತ ಹೇಳೋ ರಕ್ತಪರೀಕ್ಷೆ, ನೋಡಿ, ಸರಿಯಿದ್ರೆ ಮತ್ತೆ ಶುರು ಮಾಡ್ತಾರಂತೆ. ನಿಲ್ಸಿದ್ದು ಸರಿನೇ. ಮತ್ತೆ ಯಾವಾಗ ಶುರು ಅಂತ ಯಾರೂ ಹೇಳ್ಲಿಲ್ಲ. ಫೈಲಲ್ಲಿದ್ದ ಒಂದೇ ಒಂದು ಕ್ರಿಯಾಟಿನಿನ್ ಅಡ್ಮಿಟ್ ಆದ ದಿನದ್ದು, ಡೈ ಹಾಕೋದಕ್ಕೆ ಮುಂಚಿನದು. ನೋಡಿ ಹೆಂಗಿದೆ: ಶುಗರ್ ಮಾತ್ರೆ ವಿಷಯ ಬಾಯಲ್ಲಿ ಹೇಳಿದ್ರು, ಪೇಪರಲ್ಲಿಲ್ಲ. ಬಿಪಿ ಮಾತ್ರೆ ವಿಷಯ ಪೇಪರಲ್ಲಿತ್ತು, ಬಾಯಲ್ಲಿ ಯಾರೂ ಹೇಳ್ಲಿಲ್ಲ. ಮತ್ತೆ ಇಡೀ ಕಥೆ ಗೊತ್ತಿದ್ದಿದ್ದು ನಾವು ಯಾರೂ ಏನೂ ಕೇಳದೆ ಮೂಲೇಲಿ ಕೂರ್ಸಿದ್ದ ಅಮ್ಮಂಗೆ.

ಅವತ್ತೇ ಲ್ಯಾಬಲ್ಲಿ ರಕ್ತ ಕೊಟ್ವಿ, ಕ್ರಿಯಾಟಿನಿನ್ ಪರವಾಗಿಲ್ಲ ಅಂತ ಬಂತು, ಮೆಟ್‌ಫಾರ್ಮಿನ್ ಶುರುವಾಯ್ತು, ಒಂದು ಟೆಲ್ಮಿಸಾರ್ಟಾನ್ ಕಾಂಪೌಂಡರ್ ಡ್ರಾಯರ್ ಸೇರ್ತು.

ನಾನು ಆಸ್ಪತ್ರೆಗೆ ಫೋನ್ ಮಾಡಿದ್ದೂ ಹೇಳ್ಬಿಡ್ತೀನಿ. ಅಪಾಯಿಂಟ್‌ಮೆಂಟಿಗೆ 1 ಒತ್ತಿ, ಹೆಲ್ತ್ ಪ್ಯಾಕೇಜಿಗೆ 2 ಒತ್ತಿ, ಬಿಲ್ಲಿಂಗಿಗೆ 3. ಊರಿನ ಡಾಕ್ಟ್ರು ನಿಮ್ಮ ಡಾಕ್ಟ್ರ ಹತ್ರ ಎರಡು ನಿಮಿಷ ಮಾತಾಡ್ಬೇಕು ಅನ್ನೋದಕ್ಕೆ ಯಾವ ನಂಬರೂ ಇಲ್ಲ. ಕೊನೆಗೆ ಸಿಕ್ಕ ಹುಡುಗಿ ‘ವಿಡಿಯೋ ಕನ್ಸಲ್ಟೇಶನ್ ಬುಕ್ ಮಾಡ್ಲಾ ಮೇಡಂ’ ಅಂದ್ಲು.

ಇಂಗ್ಲೆಂಡಲ್ಲಿರೋ ನಮ್ಮ ದೊಡ್ಡಪ್ಪನ ಮಗಳಿಗೆ ರಾತ್ರಿ ಇದನ್ನೆಲ್ಲಾ ಹೇಳ್ತಾ ಇದ್ದಾಗ ಅವಳಂದ್ಲು, ಅಲ್ಲಿ ಹೆಚ್ಚುಕಮ್ಮಿ ಎಲ್ಲರೂ ಒಂದು ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟ್ರ ಹತ್ರ ರಿಜಿಸ್ಟರ್ ಆಗಿರ್ತಾರೆ, ಡಿಸ್ಚಾರ್ಜ್ ಸಮರಿ ಹೋಗೋದೇ ಆ ಜಿಪಿಗೆ ಅಂತ. 2018ರಲ್ಲಿ ಅಲ್ಲಿನ ಡಾಕ್ಟ್ರುಗಳ ಸಂಸ್ಥೆಗಳ ಒಕ್ಕೂಟ, ಮೆಡಿಕಲ್ ರಾಯಲ್ ಕಾಲೇಜುಗಳ ಅಕಾಡೆಮಿ, ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓಪಿಡಿಯಲ್ಲಿ ನೋಡಿದ್ಮೇಲೆ ಬರೆಯೋ ಲೆಟರುಗಳನ್ನ ಪೇಷೆಂಟಿಗೇ ಬರೀರಿ, ಅವರಿಗೆ ಅರ್ಥ ಆಗೋ ಮಾತಲ್ಲಿ ಬರೀರಿ, ಜಿಪಿಗೆ ಕಾಪಿ ಹಾಕಿ ಅಂತ ಡಾಕ್ಟ್ರುಗಳಿಗೆ ಹೇಳ್ತು. ಅಲ್ಲೆಲ್ಲಾ ಸ್ವರ್ಗ ಅಂತಲ್ಲ, ಜಿಪಿ ಅಪಾಯಿಂಟ್‌ಮೆಂಟ್ ಸಿಗೋದ್ರೊಳಗೆ ನೆಗಡಿ ತಾನೇ ವಾಸಿಯಾಗಿರುತ್ತೆ ಅಂತ ಅವಳೇ ನಗ್ತಾಳೆ. ಆದ್ರೆ ಲೆಟರಿಗೆ ಒಂದು ಅಡ್ರೆಸ್ ಇದೆ. ನಮ್ಮಲ್ಲಿ ಫ್ಯಾಮಿಲಿ ಡಾಕ್ಟ್ರು ಅನ್ನೋದು ಬರೀ ರೂಢಿ, ಯಾವ ದಾಖಲೆಯಲ್ಲೂ ಇಲ್ಲದ ನೆಂಟಸ್ತನ.

ನಿಯಮ ಇಲ್ಲವೇ ಇಲ್ಲ ಅಂತಲ್ಲ. ಮಾತ್ರೆಯನ್ನ ಜೆನೆರಿಕ್ ಹೆಸರಲ್ಲಿ, ಅಂದ್ರೆ ಒಳಗಿರೋ ಔಷಧಿ ಹೆಸರಲ್ಲಿ, ಓದೋಕಾಗೋ ಥರ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೀಬೇಕು ಅಂತ ಡಾಕ್ಟ್ರುಗಳಿಗೆ ನಿಯಮ ಮಾಡ್ತಿದ್ದ ಆಗಿನ ಮೆಡಿಕಲ್ ಕೌನ್ಸಿಲ್ 2016ರಲ್ಲೇ ತಿದ್ದುಪಡಿ ಮಾಡಿತ್ತು. ಹಂಗೆ ಬರೆದಿದ್ರೆ ನಮ್ಮಮ್ಮ ಅಲ್ಲದಿದ್ರೂ ಅಪ್ಪ ಆದ್ರೂ ಎರಡು ಟೆಲ್ಮಿಸಾರ್ಟಾನ್ ಕಂಡುಹಿಡೀತಿದ್ರು, ಲೆಕ್ಕದ ಮೇಷ್ಟ್ರು. ಕೇಸ್ ಪೇಪರ್ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ ಕೌನ್ಸಿಲ್ಲಿನ 2002ರ ನಿಯಮಾವಳಿಯಲ್ಲಿದೆ, ಆ ಎರಡನೇ ಕ್ರಿಯಾಟಿನಿನ್ ಮಾಡಿದ್ರಾ ಇಲ್ವಾ ಅಂತ ನಾವು ಬರೆದು ಕೇಳಬಹುದಿತ್ತು, ಗೊತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗೋ ಹಾನಿ ತಡೆಯೋಕೆ ಅಂತ ಶುರು ಮಾಡಿದ ಕಾರ್ಯಕ್ರಮದಲ್ಲಿ ಮೂರು ಜಾಗಕ್ಕೆ ಮೊದಲ ಗಮನ ಕೊಡಿ ಅಂತು, ಅದರಲ್ಲೊಂದು ತುಂಬಾ ಮಾತ್ರೆ ಒಟ್ಟಿಗೆ ತಗೊಳ್ಳೋದು, ಇನ್ನೊಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೇಷೆಂಟ್ ಕೈ ಬದಲಾಗೋ ಹೊತ್ತು. ಆಸ್ಪತ್ರೆ ಬಾಗಿಲಿಂದ ನಮ್ಮನೆ ಬಾಗಿಲವರೆಗಿನ ಆ 140 ಕಿಲೋಮೀಟರ್ ಅಂದ್ಕೊಂಡೆ ಓದುವಾಗ. ಆರೋಗ್ಯದ ದಾಖಲೆಗಳನ್ನ ಜೋಡಿಸೋಕೆ ಅಂತ ಸರ್ಕಾರ ಕೊಡೋ ಆಭಾ ಕಾರ್ಡೂ ಇದೆ, ಅಪ್ಪ ಯಾವುದೋ ಕ್ಯಾಂಪಲ್ಲಿ ಮಾಡ್ಸಿ ಲ್ಯಾಮಿನೇಷನ್ ಹಾಕಿಸಿಟ್ಟಿದಾರೆ, 14 ಅಂಕಿ ಬಾಯಿಪಾಠ ಬೇರೆ. ಒಳಗೆ ಒಂದು ರಿಪೋರ್ಟೂ ಇಲ್ಲ, ನಮ್ಮ ಡಾಕ್ಟ್ರ ಕ್ಲಿನಿಕಲ್ಲಿ ಕಂಪ್ಯೂಟರ್ರೂ ಇಲ್ಲ.

ಕೆಲಸ ಮಾಡಿದ್ದು ಹಳೇ ಕಾಲದ ಲೆಟರ್‌ಪ್ಯಾಡ್. ದೊಡ್ಡ ಡಾಕ್ಟ್ರ ಹತ್ರ ರಿವ್ಯೂಗೆ ಹೋಗೋ ಹಿಂದಿನ ದಿನ ಊರಿನ ಡಾಕ್ಟ್ರು ಒಂದು ಪುಟ ಬರೆದುಕೊಟ್ರು. ಹಿಂದೆ ಏನೇನು ತಗೋತಿದ್ರು, ಬಿದ್ದಿದ್ದು, ನಿಂತಾಗ ಬಿಪಿ ಎಷ್ಟು, ತಾವು ಏನು ಬದಲಾಯಿಸಿದ್ರು, ಕೊನೇಲಿ ಮೂರು ಪ್ರಶ್ನೆ: ಟೆಲ್ಮಿಸಾರ್ಟಾನ್ 40 ಸಾಕಾ, ಕ್ಲೋಪಿಡೋಗ್ರೆಲ್ ಎಷ್ಟು ತಿಂಗಳು, ಹಲ್ಲು ಕೀಳಿಸ್ಬೇಕಾಗಿದೆ ಏನು ಮಾಡ್ಲಿ. ದೊಡ್ಡ ಡಾಕ್ಟ್ರು ಅದನ್ನ ಒಂದು ನಿಮಿಷದಲ್ಲಿ ಓದಿದ್ರು, ಎರಡನೇ ಸಲವೂ ಓದಿದ್ರು, ಹಿಂಬದೀಲಿ ತಾವೇ ಪೆನ್ ತಗೊಂಡು ಉತ್ತರ ಬರೆದ್ರು. ‘ಕ್ಲೋಪಿಡೋಗ್ರೆಲ್ ಒಂದು ವರ್ಷ, ನನ್ನ ಕೇಳದೆ ಯಾರೂ ನಿಲ್ಸಬಾರದು, ಡೆಂಟಿಸ್ಟ್ ಹೇಳಿದ್ರೂ’ ಅಂತ ಕೆಳಗೆ ಎರಡು ಗೆರೆ ಎಳೆದು, ಹೊಸ ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಏನಾಗುತ್ತೆ ಅಂತ ಅಪ್ಪಂಗೆ ಅರ್ಥ ಆಗೋ ಹಂಗೆ ಹೇಳಿದ್ರು. ‘ಇಂಥ ಲೆಟರ್ ಯಾರೂ ಕಳಿಸಲ್ಲ’ ಅಂದ್ರು. ‘ಯಾರೂ ಕೇಳಲ್ಲವಲ್ಲ’ ಅಂತ ನನ್ನ ನಾಲಿಗೆ ತುದಿಗೆ ಬಂತು, ನುಂಗ್ಕೊಂಡೆ. ತಮ್ಮ ಅಸಿಸ್ಟೆಂಟ್ ನಂಬರ್ ಕೊಟ್ಟು ಊರಿನ ಡಾಕ್ಟ್ರಿಗೆ ಕೊಡಿ, ವಾಟ್ಸಾಪ್ ಮಾಡ್ಲಿ ಅಂದ್ರು. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಾಗಿದ್ರು, ನಡುವೆ ಲೆಟರ್ ಒಯ್ಯೋರು ಇರಲಿಲ್ಲ.

ಆ ಲೆಟರ್ ಜೊತೆ ವಾಪಸ್ ಬಂದ ದಿನ ಡಾಕ್ಟ್ರು ಮಾತ್ರೆ ಎಲ್ಲಾ ಮತ್ತೆ ಟೇಬಲ್ ಮೇಲಿಟ್ಟು, ಒಂದೊಂದೂ ಯಾಕೆ ಅಂತ ಕನ್ನಡದಲ್ಲಿ ಹೇಳಿ, ಆಮೇಲೆ ಕುರ್ಚೀಲಿ ಹಿಂದಕ್ಕೊರಗಿ, ‘ಈಗ ನೀವು ನಂಗೆ ಪಾಠ ಒಪ್ಪಿಸಿ ಮೇಷ್ಟ್ರೇ’ ಅಂದ್ರು. ಅಪ್ಪ ಒಂದು ಕ್ಷಣ ಕಕ್ಕಾಬಿಕ್ಕಿ. ನಾನು ಎಂಟನೇ ಕ್ಲಾಸಲ್ಲಿ ಪ್ರಮೇಯ ಒಪ್ಪಿಸೋಕೆ ನಿಂತಿದ್ದ ಮುಖವೇ ಅದು. ಒಂಬತ್ತರಲ್ಲಿ ಆರು ಸರಿ ಹೇಳಿದ್ರು. ತಪ್ಪಾದ ಮೂರನ್ನ ಮತ್ತೆ ಹೇಳ್ಕೊಟ್ಟು ಮತ್ತೆ ಒಪ್ಪಿಸ್ಕೊಂಡ್ರು, ‘ಅರ್ಥ ಆಯ್ತಾ’ ಅಂತ ಒಂದು ಸಲವೂ ಕೇಳ್ಲಿಲ್ಲ. ಮಲ ಕಪ್ಪಗೆ ಟಾರಿನ ಥರ ಆದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ, ಎದೆ ಹಿಡಿದ್ರೆ ಆ ಕ್ಷಣವೇ ಫೋನ್ ಮಾಡ್ಬೇಕು, ನಾಚ್ಕೋಬೇಡಿ ಅಂತ ಹೇಳಿ ಅದನ್ನೂ ಒಪ್ಪಿಸ್ಕೊಂಡ್ರು. ಹೊರಗೆ ಬೆಂಚಲ್ಲಿ ಹತ್ತು ಜನ ಕಾಯ್ತಿದ್ರು, ಹನ್ನೆರಡು ನಿಮಿಷ ಆಯ್ತು. ಫೀಸ್ 100 ರೂಪಾಯಿ.

ಅವತ್ತಿಂದ ಅಪ್ಪ ಒಂದು ಲಾಂಗ್ ನೋಟ್‌ಬುಕ್ ಇಟ್ಟಿದಾರೆ. ಸ್ಕೇಲ್ ಇಟ್ಟು ಗೆರೆ ಹೊಡ್ದು ಮೂರು ಕಾಲಂ: ಶುರು ಮಾಡಿದ್ದು, ನಿಲ್ಸಿದ್ದು, ಬದಲಾಯ್ಸಿದ್ದು. ಪ್ರತಿಯೊಂದರ ಪಕ್ಕ ಯಾರು ಹೇಳಿದ್ರು, ಯಾವ ತಾರೀಖು. ಕಂಪನಿ ಹೆಸರು ಬರೆಯಲ್ಲ, ಒಳಗಿರೋ ಔಷಧಿ ಹೆಸರು ಮಾತ್ರ, ಕನ್ನಡದಲ್ಲಿ, ಬೋರ್ಡ್ ಮೇಲಿನ ಅಕ್ಷರದಂಗೆ ದುಂಡಗೆ. ಸಂಕ್ರಾಂತಿ ಆದ್ಮೇಲೆ ಕಣ್ಣಿನ ಪೊರೆ ಆಪರೇಷನ್ನಿಗೆ ಹೋದಾಗ ಫಾರ್ಮ್ ನಾನು ತುಂಬೋಕೆ ಬಿಡ್ಲಿಲ್ಲ, ತಾವೇ ಪೆನ್ ತಗೊಂಡು ‘ರೆಫರ್ಡ್ ಬೈ’ ಮುಂದೆ ನಮ್ಮ ಡಾಕ್ಟ್ರ ಹೆಸರು, ಡಿಗ್ರಿ, ಊರು, ಫೋನ್ ನಂಬರ್ ಎಲ್ಲಾ ಬರೆದ್ರು, ಜಾಗ ಸಾಲ್ದೆ ಮಾರ್ಜಿನ್ನಿಗೂ ಹೋಯ್ತು.

ಹೋದ ತಿಂಗಳು ಕ್ಲಿನಿಕಿಗೆ ನಾನೂ ಹೋಗಿದ್ದೆ. ಡಾಕ್ಟ್ರು ಪುಸ್ತಕ ತಿರುವ್ತಾ ತಿರುವ್ತಾ ಒಂದು ಕಡೆ ನಿಂತು, ಅಪ್ಪನ ಮುಖ ನೋಡಿ, ಪುಸ್ತಕ ನನ್ನ ಕಡೆ ತಿರುಗಿಸಿದ್ರು. ‘ಶುರು ಮಾಡಿದ್ದು’ ಕಾಲಮ್ಮಲ್ಲಿ ಹಿಂದಿನ ವಾರದ ತಾರೀಖು ಹಾಕಿ, ಅದೇ ದುಂಡು ಅಕ್ಷರದಲ್ಲಿ: ‘ಡೈಕ್ಲೋಫೆನಾಕ್, 2 ಮಾತ್ರೆ, ಮಂಡಿ ನೋವಿಗೆ. ಹೇಳಿದವರು: ಸ್ವತಃ. ಡಾಕ್ಟ್ರಿಗೆ ತಿಳಿಸಿಲ್ಲ.’